ಪುಸ್ತಕ ಮುಚ್ಚಿದ ಮೇಲೆ ಏನು ಉಳಿಯಿತು?

ಜೂನ್‌ನಲ್ಲಿ ಕಾಲೇಜು ಶುರುವಾದ ವಾರವೇ ಎರಡನೇ ಪಿಯುಸಿ ಮಕ್ಕಳ ಮನೆಗೋಡೆಗೆ ಒಂದು ಟೈಮ್‌ಟೇಬಲ್ ಏರುತ್ತದೆ. ಸ್ಕೇಲು ಹಿಡಿದು ಹಾಕಿದ ಗೆರೆ, ಬಣ್ಣದ ಪೆನ್ನಿನ ಅಕ್ಷರ. ನಾಲ್ಕೂವರೆಯಿಂದ ಆರು ಫಿಸಿಕ್ಸ್, ಆರರಿಂದ ಏಳೂವರೆ ಕೆಮಿಸ್ಟ್ರಿ, ಆಮೇಲೆ ಮ್ಯಾಥ್ಸ್, ಊಟ, ಮತ್ತೆ ಹನ್ನೆರಡರವರೆಗೆ ಬಯಾಲಜಿ. ಗಣೇಶನ ಹಬ್ಬದ ಹೊತ್ತಿಗೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಈಗಿನ ಮಕ್ಕಳಿಗೆ ಸೋಮಾರಿತನ ಹೆಚ್ಚಾಗಿದೆ ಎಂದು ಹಿರಿಯರು ಬೈಯುತ್ತಾರೆ. ಪಾಠ ಹೇಳುತ್ತಲೇ ಕೂದಲು ಬೆಳ್ಳಗಾದ ನನಗೆ ಹಾಗನ್ನಿಸುವುದಿಲ್ಲ ಮಗೂ. ಆ ಟೈಮ್‌ಟೇಬಲ್ಲು ಬಸ್ಸಿಗೆ ಕಾಯದ, ಹಸಿವಾಗದ, ನಿದ್ದೆ ಬಾರದ, ಮನೆಯಲ್ಲಿ ಯಾರೂ ಒಂದು ಕೆಲಸವನ್ನೂ ಹೇಳದ ಮಗುವಿಗೆ ಬರೆದದ್ದು. ಅಂಥ ಮಗು ಯಾವ ಊರಲ್ಲೂ ಇಲ್ಲ.

ಆದ್ದರಿಂದ ಮೊದಲು ನಿನ್ನ ಕೈಲಿರುವ ಹೊತ್ತು ಎಷ್ಟು ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕು. ಕಾಲೇಜು ನಾಲ್ಕಕ್ಕೆ ಬಿಟ್ಟಿತು ಎಂದುಕೋ. ಪಾಸು ತೋರಿಸಿ ಬಸ್ಸು ಹತ್ತಿ, ಊರ ಗೇಟಿನಿಂದ ನಡೆದು ಮನೆ ಸೇರುವಾಗ ಐದೂಕಾಲು. ಕೈಕಾಲು ತೊಳೆದು ಕಾಫಿ ಕುಡಿದು, ನೀರು ಹಿಡಿಯುವುದೋ ದನಕ್ಕೆ ಹುಲ್ಲು ಹಾಕುವುದೋ ಅಂಗಡಿಗೆ ಹೋಗಿ ಬರುವುದೋ ಮುಗಿಸಿ ಕೂರುವಾಗ ಆರೂವರೆ. ಹತ್ತಕ್ಕೆ ಮಲಗಬೇಕು. ನಡುವೆ ಊಟ, ಮನೆಯವರ ಜೊತೆ ಎರಡು ಮಾತು. ಉಳಿಯುವುದು ಎರಡೂವರೆ ಗಂಟೆ. ಟ್ಯೂಷನ್ನು ಇದ್ದರೆ ಇನ್ನೂ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದುಡ್ಡಿಗೆ ಹೇಳುವ ಮಾತು ಹೊತ್ತಿಗೂ ಸಲ್ಲುತ್ತದೆ. ಎರಡೂವರೆ ಗಂಟೆ ಇದ್ದರೆ ಎರಡೂವರೆ ಗಂಟೆಗೇ ಯೋಜನೆ ಹಾಕು. ಆರು ಗಂಟೆಗೆ ಹಾಕಿ ದಿನಾ ಸೋಲಬೇಡ. ದಿನಾ ಸೋತ ಮನಸ್ಸು ಹದಿನೈದು ದಿನಕ್ಕೆ ಪುಸ್ತಕ ಕಂಡರೆ ಹೆದರುತ್ತದೆ.

ಹೊತ್ತು ಸಾಲದೆಂದು ನಿದ್ದೆಯಿಂದ ಕದಿಯಬೇಡ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಸಂಜೆ ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದರಲ್ಲಿ ಆ ನಿದ್ದೆಯ ಪಾಲೂ ಇದೆ. ಬೆಳಗಿನ ಜಾವ ಓದಿದರೆ ತಲೆಗೆ ಹತ್ತುತ್ತದೆ ಎನ್ನುವ ಅಜ್ಜಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕೂವರೆಗೆ ಏಳುವ ಮಗು ಎಂಟೂವರೆಗೆ ಮಲಗಿರಬೇಕು. ರಾತ್ರಿ ಹನ್ನೆರಡು, ಬೆಳಗ್ಗೆ ನಾಲ್ಕು ಎರಡನ್ನೂ ಹಿಡಿಯಲು ಹೋದವರು ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುವುದನ್ನು ನಾನು ಬೋರ್ಡಿನ ಪಕ್ಕ ನಿಂತು ನೋಡಿದ್ದೇನೆ. ಮನೆಯಲ್ಲಿ ಒಂದು ಗಂಟೆ ಉಳಿಸಿ ಕ್ಲಾಸಿನಲ್ಲಿ ಮೂರು ಗಂಟೆ ಕಳೆದುಕೊಳ್ಳುವ ವ್ಯಾಪಾರ ಅದು.

ಈಗ ಆ ಎರಡೂವರೆ ಗಂಟೆಯಲ್ಲಿ ಏನು ಮಾಡಬೇಕು? ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಮೊದಲ ನಲವತ್ತು ನಿಮಿಷ ಪುಸ್ತಕ ತೆರೆದಿಟ್ಟುಕೊಂಡು ಕೂರಬೇಡ. ಒಂದು ಬಿಳಿ ಹಾಳೆ ತಗೋ. ಇವತ್ತು ಕ್ಲಾಸಿನಲ್ಲಿ ಏನೇನು ನಡೆಯಿತೋ ಅದನ್ನು ನೆನಪಿನಿಂದ ಬರೆ. ಫಿಸಿಕ್ಸಿನಲ್ಲಿ ಗಾಸ್ ನಿಯಮ ಆಯಿತೇ? ನಿಯಮವನ್ನು ಬರೆ. ಉದ್ದನೆಯ ನೇರ ತಂತಿಯ ಚಿತ್ರ ಹಾಕು, ಅದರ ಸುತ್ತ ಸಿಲಿಂಡರ್ ಎಳೆ, ವಿದ್ಯುತ್ ಕ್ಷೇತ್ರದ ಸೂತ್ರಕ್ಕೆ ಹೆಜ್ಜೆ ಹೆಜ್ಜೆಯಾಗಿ ಬಾ. ಸಿಲಿಂಡರಿನ ಎರಡು ತುದಿಯ ಮುಖಗಳಿಂದ ಫ್ಲಕ್ಸ್ ಯಾಕೆ ಸೊನ್ನೆ ಎನ್ನುವಲ್ಲಿ ಕೈ ನಿಂತಿತೇ? ಈಗ ಪುಸ್ತಕ ತೆರೆ, ಅಷ್ಟನ್ನೇ ನೋಡು, ಮುಚ್ಚು, ಮತ್ತೆ ಬರೆ. ನಿನಗೆ ಗೊತ್ತಿಲ್ಲದ್ದು ಎಲ್ಲಿದೆ ಎಂದು ಆ ನಿಂತ ಕೈ ತೋರಿಸಿಕೊಟ್ಟಷ್ಟು ಸ್ಪಷ್ಟವಾಗಿ ಯಾವ ಲೆಕ್ಚರರ್ರೂ ತೋರಿಸಲಾರರು.

ಇದು ಮುದುಕನ ಹಟವಲ್ಲ, ಪರೀಕ್ಷೆ ಮಾಡಿ ನೋಡಿದ ವಿಷಯ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಜೋಡಿಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದು 1885ರಲ್ಲಿ ಪುಸ್ತಕ ಬರೆದ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ರಭಸವಾಗಿ ನಡೆದು, ಆಮೇಲೆ ನಿಧಾನವಾಗುತ್ತದೆ ಎಂದು ಅವನು ಕಂಡ. ಅಂದಿನ ಪಾಠವನ್ನು ಅಂದೇ ಸಂಜೆ ಮುಟ್ಟು ಎನ್ನುವುದು ಅದಕ್ಕೇ. ಇನ್ನು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದರು. ಒಂದೇ ಪಾಠವನ್ನು ಕೆಲವು ವಿದ್ಯಾರ್ಥಿಗಳು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಓದಿದ್ದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಲೆಕೆಳಗಾಯಿತು, ನೆನಪಿನಿಂದ ಬರೆದವರಿಗೇ ಹೆಚ್ಚು ನೆನಪಿತ್ತು. ನೋಟ್ಸನ್ನು ಮೂರು ಸಲ ಓದಿ, ಹಳದಿ ಹೈಲೈಟರ್ ಎಳೆದು, ಎಲ್ಲಾ ಗೊತ್ತಾಯಿತು ಅನ್ನಿಸುವ ಭಾವವೇ ಮೋಸಗಾರ. ಕಣ್ಣಿಗೆ ಪರಿಚಯವಾದದ್ದೆಲ್ಲ ಕೈಗೆ ಬರುವುದಿಲ್ಲ, ಮತ್ತು ಪರೀಕ್ಷೆ ಬರೆಯುವುದು ಕೈ.

ಆ ನಂತರದ ಒಂದು ಗಂಟೆ ಲೆಕ್ಕಗಳಿಗೆ. ಇಲ್ಲೊಂದು ಸೂಕ್ಷ್ಮವಿದೆ. ಇಂಟಿಗ್ರೇಷನ್ನಿನಲ್ಲಿ ಬೈ ಪಾರ್ಟ್ಸ್ ಇರುವ ಅಭ್ಯಾಸ ತೆಗೆದು ಒಂದೇ ಬಗೆಯ ಇಪ್ಪತ್ತು ಲೆಕ್ಕ ಸರಸರನೆ ಮಾಡಿದರೆ ಖುಷಿಯಾಗುತ್ತದೆ. ನಾಲ್ಕನೆಯ ಲೆಕ್ಕದ ಹೊತ್ತಿಗೆ ತಲೆ ಓಡಿಸುವುದು ನಿಂತು ಬರೀ ಕೈ ಓಡುತ್ತಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಈ ಲೆಕ್ಕಕ್ಕೆ ಸಬ್‌ಸ್ಟಿಟ್ಯೂಷನ್ನೋ ಪಾರ್ಷಿಯಲ್ ಫ್ರಾಕ್ಷನ್ನೋ ಬೈ ಪಾರ್ಟ್ಸೋ ಎಂದು ಯಾರೂ ಮೇಲೆ ಬರೆದಿರುವುದಿಲ್ಲ. ಅದನ್ನು ಗುರುತಿಸುವುದೇ ಅರ್ಧ ಉತ್ತರ. ಹೊಸ ವಿಧಾನದ ನಾಲ್ಕೈದು ಲೆಕ್ಕ ಮಾಡಿ ಅದು ಕೈಗೆ ಬಂದ ಮೇಲೆ, ಹಿಂದಿನ ಅಭ್ಯಾಸಗಳಿಂದ ಅಲ್ಲೊಂದು ಇಲ್ಲೊಂದು ಹೆಕ್ಕಿ ಕಲಸಿ ಮಾಡು. ತಪ್ಪು ಹೆಚ್ಚಾಗುತ್ತದೆ, ವೇಗ ಕಡಿಮೆಯಾಗುತ್ತದೆ. ಆಗಲಿ. ಹಾಗೆ ಕಲಸಿ ಅಭ್ಯಾಸ ಮಾಡಿದವರು ಆ ಹೊತ್ತಿಗೆ ಹಿಂದೆ ಬಿದ್ದರೂ ವಾರದ ನಂತರದ ಪರೀಕ್ಷೆಯಲ್ಲಿ ಬಹಳ ಮುಂದಿದ್ದರು ಎಂದು ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು 2007ರಲ್ಲಿ ತೋರಿಸಿದ್ದಾರೆ.

ಊಟದ ನಂತರದ ಅರ್ಧ ಮುಕ್ಕಾಲು ಗಂಟೆ ಹಳೆಯ ಪಾಠಗಳದ್ದು. ಹೆಚ್ಚಿನ ಮಕ್ಕಳು ಕೈಬಿಡುವ ಭಾಗ ಇದೇ. ಜುಲೈನಲ್ಲಿ ಆದ ಪಾಠವನ್ನು ಪ್ರಿಪರೇಟರಿಯ ಹಿಂದಿನ ವಾರ ತೆಗೆದರೆ ಅದು ಯಾರೋ ಬರೆದ ನೋಟ್ಸಿನ ಹಾಗೆ ಕಾಣುತ್ತದೆ. ಒಂದು ಪಾಠವನ್ನು ಮಾರನೆಯ ದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ತಿರುಗಿ ಕೇಳಿಕೋ. ಗದ್ದೆಗೆ ಪಾಳಿಯಲ್ಲಿ ನೀರು ಬಿಡುವ ಹಾಗೆ ಅದು. ಒಂದೇ ದಿನ ತೂಬು ಎತ್ತಿಬಿಟ್ಟರೆ ನೀರೆಲ್ಲ ಹರಿದು ಹೋಗುತ್ತದೆ. ಇದಕ್ಕೆ ಸುಲಭದ ಉಪಾಯ ರಟ್ಟಿನ ಚೀಟಿಗಳು. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಸ್ಯಾಂಡ್‌ಮೇಯರ್, ಫಿಂಕೆಲ್‌ಸ್ಟೈನ್, ಸ್ವಾರ್ಟ್ಸ್, ವುರ್ಟ್ಜ್–ಫಿಟ್ಟಿಗ್ ಕ್ರಿಯೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹಿಂದೊಂದು ಮುಂದೊಂದು ಎರಡು ಡಬ್ಬಿ ಇಟ್ಟುಕೋ. ಉತ್ತರ ಸರಿಯಾದ ಚೀಟಿ ಹಿಂದಿನ ಡಬ್ಬಿಗೆ, ತಪ್ಪಿದ್ದು ಮುಂದಿನ ಡಬ್ಬಿಗೆ. ಮುಂದಿನ ಡಬ್ಬಿಯನ್ನು ದಿನಾ ತೆಗೆ, ಹಿಂದಿನದನ್ನು ವಾರಕ್ಕೊಮ್ಮೆ. ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಹತ್ತು ಚೀಟಿ ಅಲ್ಲೇ ಮುಗಿಯುತ್ತವೆ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಸೈನ್ಸ್ ತಗೊಂಡಿರುವ ಮಗುವಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ನಿನ್ನ ಪಕ್ಕದವನು ಒಂದು ಹೊರೆ ಹೊತ್ತಿದ್ದರೆ ನೀನು ಎರಡು ಹೊತ್ತಿದ್ದೀಯ, ವಿಷಯದ್ದೊಂದು, ಇಂಗ್ಲಿಷಿನದ್ದೊಂದು. ನೀನು ನಿಧಾನ ಅನ್ನಿಸಿದರೆ ದಡ್ಡತನ ಅಂದುಕೊಳ್ಳಬೇಡ. ಓಮ್‌ನ ನಿಯಮ, ದ್ಯುತಿಸಂಶ್ಲೇಷಣೆ, ಆಮ್ಲ ಪ್ರತ್ಯಾಮ್ಲ ಎಲ್ಲವನ್ನೂ ಕನ್ನಡದಲ್ಲಿ ಚೆನ್ನಾಗಿಯೇ ಕಲಿತು ಬಂದಿದ್ದೀಯ, ಆ ಅರಿವು ಎಲ್ಲಿಗೂ ಹೋಗಿಲ್ಲ. ಬಿಳಿ ಹಾಳೆಯಲ್ಲಿ ಮೊದಲು ಕನ್ನಡದಲ್ಲೇ ಬರೆ. ಅರ್ಥವಾದದ್ದು ಖಾತ್ರಿಯಾದ ಮೇಲೆ ಅದನ್ನೇ ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆ, ಬಾಯಿಬಿಟ್ಟು ಓದು. ಡೆಫಿನಿಷನ್ನುಗಳನ್ನು ಪುಸ್ತಕದ ಮಾತಿನಲ್ಲೇ ಕಲಿ, ವಿವರಣೆ ನಿನ್ನ ಮಾತಿನಲ್ಲಿರಲಿ. ಸಂಜೆ ಹದಿನೈದು ನಿಮಿಷ ಇದಕ್ಕೇ ಇಡು. ದಸರಾ ರಜೆಯ ಹೊತ್ತಿಗೆ ಎರಡನೆಯ ಹೊರೆ ಹಗುರವಾಗಿರುತ್ತದೆ. ಅರ್ಥವಾಗದ ಇಂಗ್ಲಿಷನ್ನು ಬಾಯಿಪಾಠ ಹೊಡೆಯುವ ಅಡ್ಡದಾರಿ ಮಾತ್ರ ಹಿಡಿಯಬೇಡ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಅದು ಅಲ್ಲೇ ಕೈಕೊಡುತ್ತದೆ.

ಬೋರ್ಡ್ ಪರೀಕ್ಷೆ ಬೇರೆ, ಸಿಇಟಿ ಬೇರೆ ಎಂದು ಎರಡು ಟೈಮ್‌ಟೇಬಲ್ ಹಾಕಿ ಒದ್ದಾಡುವವರನ್ನು ನೋಡುತ್ತೇನೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಾಠಗಳೂ ಅವೇ. ಒಂದು ಅಧ್ಯಾಯವನ್ನು ಬರೆದು ಮುಗಿಸಿದ ವಾರದಲ್ಲೇ ಅದರ ಬಹು ಆಯ್ಕೆ ಪ್ರಶ್ನೆಗಳನ್ನು ಬಿಡಿಸು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್ ಬರೆಯುವವರಿಗೆ ಹಾಗಲ್ಲ, ಅಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ, ಊಹೆಗೆ ಲಗಾಮು ಬೇಕು. ಗಡಿಯಾರ ಇಟ್ಟುಕೊಂಡು ಬಿಡಿಸುವ ಕೆಲಸವನ್ನು ದಣಿದ ಸಂಜೆಗೆ ಹಾಕಬೇಡ, ಭಾನುವಾರ ಬೆಳಗ್ಗೆಗೆ ಇಡು. ಭಾನುವಾರವೇ ಲ್ಯಾಬ್ ರೆಕಾರ್ಡ್ ಬರೆದು ಮುಗಿಸು. ಕನ್ನಡ ಮತ್ತು ಇಂಗ್ಲಿಷಿಗೂ ಒಂದು ಗಂಟೆ ಕೊಡು. 600ರಲ್ಲಿ 200 ಅಂಕ ಆ ಎರಡರದ್ದೇ, ಸೈನ್ಸ್ ಮಕ್ಕಳು ಅದನ್ನು ಫಲಿತಾಂಶದ ದಿನ ನೆನಪಿಸಿಕೊಳ್ಳುತ್ತಾರೆ.

ಫೋನಿನ ಬಗ್ಗೆ ಉದ್ದದ ಉಪದೇಶ ಬೇಡ. ಓದುವಾಗ ಅದು ಇನ್ನೊಂದು ಕೋಣೆಯಲ್ಲಿರಲಿ, ಅಮ್ಮನ ಹತ್ತಿರವಾದರೂ ಇರಲಿ. ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನೋಟ್ಸು ಬರುತ್ತದೆ ಎನ್ನುವುದು ನಿಜ, ಅದನ್ನು ಕೂರುವ ಮೊದಲೇ ನೋಡಿ ಬೇಕಾದ್ದನ್ನು ಬರೆದುಕೋ.

ಓದಲು ಬೇರೆ ಕೋಣೆ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು. ಏಳಕ್ಕೆ ಧಾರಾವಾಹಿ ಶುರುವಾದರೆ ಒಂಬತ್ತರವರೆಗೆ ನಿಲ್ಲುವುದಿಲ್ಲ, ಅದರ ನಡುವೆ ಕರೆಂಟೂ ಹೋಗುತ್ತದೆ. ಗದ್ದಲದ ಹೊತ್ತಿಗೆ ಲೆಕ್ಕ ಇಟ್ಟುಕೋ, ಪೆನ್ನು ಓಡುತ್ತಿದ್ದರೆ ಕಿವಿಗೆ ಗದ್ದಲ ಕಡಿಮೆ ಬೀಳುತ್ತದೆ. ನೆನಪಿನ ಕೆಲಸವನ್ನು ಸದ್ದು ಅಡಗಿದ ಹೊತ್ತಿಗೆ ಇಡು. ಊರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅದು ಸಂಜೆ ತೆರೆದಿರುತ್ತದೆಯೇ ವಿಚಾರಿಸು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18ರ ಮಕ್ಕಳಿಗೆ ಸದಸ್ಯತ್ವ ಉಚಿತ. ಈ ಕಿವಿಮಾತನ್ನು ಮನೆಯ ಹಿರಿಯರೂ ಕೇಳಿಸಿಕೊಳ್ಳುತ್ತಿದ್ದರೆ ಅವರಿಗೊಂದು ಮಾತು: ಅಣ್ಣ ಓದಲು ಕೂತಾಗ ತಂಗಿ ಪಾತ್ರೆ ತೊಳೆಯುತ್ತಿದ್ದರೆ ಅವಳ ಎರಡೂವರೆ ಗಂಟೆ ಒಂದೂವರೆಯಾಗುತ್ತದೆ. ಪ್ರಶ್ನೆಪತ್ರಿಕೆ ಇಬ್ಬರಿಗೂ ಒಂದೇ. ಕೆಲಸವನ್ನೂ ಹಂಚಿ ಕೊಡಿ.

ಎಷ್ಟು ಅಚ್ಚುಕಟ್ಟಾಗಿ ಯೋಜಿಸಿದರೂ ನಡುವೆ ಜ್ವರ ಬರುತ್ತದೆ, ಜಾತ್ರೆ ಬರುತ್ತದೆ, ಚಿಕ್ಕಪ್ಪನ ಮನೆಯ ಮದುವೆ ಬರುತ್ತದೆ. ಹೋಗು, ಉಂಡು ಬಾ. ವಾರದಲ್ಲಿ ಒಂದು ಸಂಜೆಯನ್ನು, ಶನಿವಾರವೇ ಆಗಲಿ, ಮೊದಲೇ ಖಾಲಿ ಬಿಟ್ಟಿರು. ತಪ್ಪಿದ್ದು ಅಲ್ಲಿ ಹಿಡಿಸಿದಷ್ಟು ಹಿಡಿಸಲಿ, ಹಿಡಿಸದ್ದನ್ನು ಬಿಡು. ಮಾರನೆಯ ಸಂಜೆ ಅಂದಿನ ಪಾಠದಿಂದಲೇ ಕೂರು. ಬಾಕಿಯನ್ನೆಲ್ಲ ತೀರಿಸಿಯೇ ಮುಂದೆ ಹೋಗುತ್ತೇನೆ ಎಂದು ಹೊರಟವರು ಬಾಕಿಯಲ್ಲೇ ಮುಳುಗುತ್ತಾರೆ. ಸೋಮವಾರದಿಂದ ಹೊಸ ಟೈಮ್‌ಟೇಬಲ್ ಎನ್ನುವವರ ಸೋಮವಾರ ಬರುವುದೇ ಇಲ್ಲ.

ಇಷ್ಟಾಗಿಯೂ ಮನಸ್ಸು ಭಾರವಾದರೆ, ನಿದ್ದೆ ಊಟ ಕೆಟ್ಟರೆ, ಒಳಗೇ ಇಟ್ಟುಕೊಂಡು ಕೊರಗಬೇಡ. ಮನೆಯಲ್ಲಿ ಹೇಳು, ನಿನಗೆ ಹಿಡಿಸಿದ ಲೆಕ್ಚರರಿಗೆ ಹೇಳು. ಹತ್ತಿರದವರಿಗೆ ಹೇಳಲಾಗದ್ದನ್ನು ಕೇಳಲು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಒಂದು ಪರೀಕ್ಷೆ ಕೈಕೊಟ್ಟರೂ ಹೆದರಬೇಡ, ಪಿಯುಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದು ಬೆಳಗ್ಗೆಯ ಮೂರು ಗಂಟೆಯಲ್ಲಿ ಯಾರ ಬದುಕೂ ತೀರ್ಮಾನವಾಗುವುದಿಲ್ಲ.

ಪಕ್ಕದ ಬೀದಿಯ ಹುಡುಗ ದಿನಾ ಆರು ಗಂಟೆ ಓದುತ್ತಾನಂತೆ ಎಂದು ಯಾರಾದರೂ ನಿನ್ನ ಮುಂದೆ ಹೇಳಿಯೇ ಹೇಳುತ್ತಾರೆ. ಓದಲಿ, ಒಳ್ಳೆಯದಾಗಲಿ. ನೀನು ಗಂಟೆ ಎಣಿಸಲು ಹೋಗಬೇಡ. ಹದಿನೈದು ದಿನಕ್ಕೊಮ್ಮೆ ನಿನ್ನ ಬಿಳಿ ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡು. ಮೊದಲು ಅರ್ಧ ಪುಟಕ್ಕೆ ನಿಲ್ಲುತ್ತಿದ್ದ ಕೈ ಈಗ ಪುಟ ತುಂಬುತ್ತಿದ್ದರೆ ಯೋಜನೆ ಸರಿಯಿದೆ, ಮುಂದುವರಿಸು. ತುಂಬುತ್ತಿಲ್ಲವಾದರೆ ಹೊತ್ತು ಬದಲಿಸು, ಜಾಗ ಬದಲಿಸು, ಕ್ರಮ ಬದಲಿಸು, ನಿನ್ನನ್ನು ಬೈದುಕೊಳ್ಳಬೇಡ. ಮುಂದಿನ ವರ್ಷ ನೀನು ಯಾವ ಊರಿನ ಯಾವ ಹಾಸ್ಟೆಲಿನಲ್ಲಿರುತ್ತೀಯೋ, ಅಲ್ಲಿ ಓದಿದೆಯಾ ಎಂದು ಕೇಳುವವರಿರುವುದಿಲ್ಲ. ನನಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ತನ್ನನ್ನು ತಾನೇ ಕೇಳಿಕೊಳ್ಳಲು ಕಲಿತವರಿಗೆ ಹಾಗೆ ಕೇಳುವವರು ಬೇಕಾಗಿಯೂ ಇಲ್ಲ.