ಕವಲು ಕಥೆಯನ್ನು ಅಳೆಯೋದು ಹೇಗೆ? ‘ಆಂಡೋರ್’ ಹಿಡಿದು ಒಂದು ಪಾಠ, ಅರ್ಧ ಜಗಳ

(ಮೊದಲೇ ಹೇಳಿಬಿಡ್ತೀವಿ: ಈ ಲೇಖನದಲ್ಲಿ ಕಥೆಯ ಕೊನೆ ಬಯಲಾಗುತ್ತೆ. ಇನ್ನೂ ನೋಡದೇ ಇದ್ದವರು, ನೋಡೋ ಮನಸ್ಸಿದ್ದವರು ಪರೀಕ್ಷೆ ಮುಗಿಸಿ, ನೋಡಿ, ಆಮೇಲೆ ಇಲ್ಲಿಗೆ ಬನ್ನಿ.)

ಹೆಸರಾದ ಕಥೆಯೊಂದರಿಂದ ಒಂದು ಪಾತ್ರವನ್ನೋ, ಒಂದು ಜಾಗವನ್ನೋ, ಒಂದು ಕಾಲವನ್ನೋ ಎತ್ತಿಕೊಂಡು ಅದರ ಸುತ್ತ ಬೇರೆಯದೇ ಸರಣಿ ಕಟ್ಟಿದರೆ ಅದು ಸ್ಪಿನ್-ಆಫ್. ನಾವು ಕವಲು ಕಥೆ ಅಂತ ಕರೀತೀವಿ. ಜಾವಾ ಕಲಿತವರಿಗೆ ಇನ್ಹೆರಿಟೆನ್ಸ್ ನೆನಪಾದರೆ ಸಾಕು. ತಾಯಿ ಕ್ಲಾಸಿನಲ್ಲಿ ಇದ್ದದ್ದೆಲ್ಲ ಮಗುವಿಗೆ ಸಿಗುತ್ತೆ. ಆದರೆ ಮಗು ಕ್ಲಾಸಿನೊಳಗೆ ಒಂದು ಸಾಲನ್ನೂ ಹೊಸದಾಗಿ ಬರೆಯದೇ ಹೋದರೆ, ಇದನ್ನ ಯಾಕೆ ಮಾಡಿದ್ರಿ ಅಂತ ವೈವಾದಲ್ಲಿ ಕೇಳೇ ಕೇಳ್ತಾರೆ.

ಇದು ಅಮೆರಿಕದ ಟಿವಿಯವರು ಕಂಡುಹಿಡಿದ ವಿದ್ಯೆ ಅಂತ ತಿಳಿಯೋದು ಬ್ಯಾಡ. ನಮ್ಮ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನ ಈ ಕಣ್ಣಿನಿಂದ ನೋಡಿ. ಲೋಕ ರಾಮಾಯಣದ್ದೇ, ರಾಮನೂ ಇದ್ದಾನೆ. ಆದರೆ ಕಥೆ ರಾಮನದಲ್ಲ. ರಾಗಿ ಮತ್ತು ಅಕ್ಕಿ ನಾನು ಹೆಚ್ಚೋ ನೀನು ಹೆಚ್ಚೋ ಅಂತ ಜಗಳಕ್ಕೆ ಬೀಳ್ತಾವೆ, ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸ್ತಾನೆ, ಗಟ್ಟಿಯಾಗಿ ಉಳಿದದ್ದು ರಾಗಿ. ಮೂಲ ಕಥೆಯ ನಾಯಕ ಇಲ್ಲಿ ಬರೀ ನ್ಯಾಯಾಧೀಶ. ಬಡವರ ಧಾನ್ಯ, ಉಳ್ಳವರ ಧಾನ್ಯ ಅನ್ನೋ ಪ್ರಶ್ನೆ ಕನಕದಾಸರದ್ದು, ಅವರು ಎರವಲು ತಂದದ್ದಲ್ಲ. ಈ ಮಾತನ್ನ ಒಂದು ಕಡೆ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ‘ಆಂಡೋರ್’. 2016ರಲ್ಲಿ ‘ರೋಗ್ ಒನ್’ ಅನ್ನೋ ಸಿನಿಮಾ ಬಂತು, ಅದೇ 1977ರ ‘ಸ್ಟಾರ್ ವಾರ್ಸ್’ನ ಒಂದು ಕವಲು. ಡೆತ್ ಸ್ಟಾರ್ ಎಂಬ ಗ್ರಹ ಸುಡುವ ಯಂತ್ರದ ನಕ್ಷೆಯನ್ನ ಬಂಡುಕೋರರು ಕದಿಯೋ ಕಥೆ. ಕದ್ದವರಲ್ಲೊಬ್ಬ ಕ್ಯಾಸಿಯನ್ ಆಂಡೋರ್, ಸಿನಿಮಾದ ಕೊನೆಗೆ ಸತ್ತುಹೋಗ್ತಾನೆ. ಹೀಗೆ ಸತ್ತವನನ್ನ ಹಿಡಿದುಕೊಂಡು, ಅವನು ಅಲ್ಲೀತನಕ ಹೆಂಗ ಬಂದ ಅಂತ ಟೋನಿ ಗಿಲ್‌ರಾಯ್ ಕಟ್ಟಿದ್ದೇ ‘ಆಂಡೋರ್’. ಅಂದ್ರೆ ಕವಲಿಗೊಂದು ಕವಲು. 2022ರಲ್ಲಿ 12 ಕಂತು, 2025ರಲ್ಲಿ ಇನ್ನೂ 12, ಅಲ್ಲಿಗೆ ಮುಗೀತು.

ನಮ್ಮ ಕ್ಲಬ್ಬಿನೊಳಗೆ ಇದರ ಬಗ್ಗೆ ಎರಡು ಬಣ ಆಗಿ ಭಾಳ ದಿನ ಆಯ್ತು. ಒಂದು ಬಣದ ಮಾತು: “ಲೇ, ಸ್ಟಾರ್ ವಾರ್ಸ್ ಅಂತಾರ, ಒಬ್ಬ ಜೆಡೈ ಇಲ್ಲ, ಒಂದು ಲೈಟ್‌ಸೇಬರ್ ಇಲ್ಲ. ಮೂರು ಕಂತು ಆದ್ರೂ ಕಥಿ ಸ್ಟಾರ್ಟ್ ಆಗೂದಿಲ್ಲ. ಆಫೀಸ್ ಮೀಟಿಂಗ್ ನೋಡಾಕ ನಾ ಯಾಕ ಸ್ಟಾರ್ ವಾರ್ಸ್ ನೋಡ್ಲಿ?” ಇನ್ನೊಂದು ಬಣದ ಮಾತು: “ಅದಕ್ಕ ಅದು ಚಲೋ ಐತಿ.” ಇವೆರಡೇ ಮಾತು ತಿರುಗಿ ತಿರುಗಿ ಬಂದ್ರೆ ಅದು ಚರ್ಚೆ ಅಲ್ಲ, ಮೆಸ್ಸಿನ ಗದ್ದಲ. ಆದ್ದರಿಂದ ನಾವೊಂದು ನಿಯಮ ಮಾಡಿಕೊಂಡ್ವಿ. ಯಾರೇ ದೂರು ಹೇಳಲಿ, ಆ ದೂರು ಎಲ್ಲಿಂದ ಬಂತು ಅಂತ ಮೊದಲು ಕೇಳೋದು. ನಾವು ಮನಸ್ಸಿನಲ್ಲಿ ಇಟ್ಟುಕೊಂಡು ಬಂದದ್ದು ಅಲ್ಲಿ ಸಿಗಲಿಲ್ಲವೋ, ಅಥವಾ ಸರಣಿ ತಾನೇ ಕೊಡ್ತೀನಿ ಅಂದದ್ದನ್ನ ಕೊಡಲಿಲ್ಲವೋ? ಮೊದಲನೆಯದು ನಮ್ಮ ನಿರೀಕ್ಷೆ, ಎರಡನೆಯದು ಸರಣಿಯ ಸಾಲ. ಜೆಡೈ ಇಲ್ಲ ಅನ್ನೋ ದೂರು ಮೊದಲನೇ ಗುಂಪಿನದು. ಜೆಡೈ ಬರ್ತಾರೆ ಅಂತ ‘ಆಂಡೋರ್’ ಎಲ್ಲೂ ಮಾತು ಕೊಟ್ಟಿಲ್ಲ.

ಹಾಗಾದ್ರೆ ಅದು ಕೊಟ್ಟ ಮಾತೇನು? ಸಾಮಾನ್ಯ ಮನುಷ್ಯ ಯಾವ ಹಂತದಲ್ಲಿ ಸಾಕು ಅಂತ ಎದ್ದು ನಿಲ್ಲುತ್ತಾನೆ ಅನ್ನೋ ಪ್ರಶ್ನೆ. ಇದು ಸರಣಿಯ ಸ್ವಂತ ಪ್ರಶ್ನೆ, ರಾಗಿಯ ಪ್ರಶ್ನೆ ಇದ್ದ ಹಾಗೆ. ಉತ್ತರ ಎಲ್ಲಕ್ಕಿಂತ ಗಟ್ಟಿಯಾಗಿ ಬಂದಿರೋದು ಮೊದಲ ಸೀಸನ್ನಿನ ಜೈಲಿನ ಕಂತುಗಳಲ್ಲಿ, ಇಂಜಿನಿಯರಿಂಗ್ ಓದೋ ನಮಗೆ ಅಲ್ಲಿ ಮೇಯಲು ಬೇಕಾದಷ್ಟಿದೆ.

ನಾರ್ಕಿನಾ 5 ಅನ್ನೋದು ನೀರಿನ ನಡುವೆ ಕಟ್ಟಿದ ಜೈಲು ಕಾರ್ಖಾನೆ. ಒಂದು ಕೋಣೆಯಲ್ಲಿ ಏಳು ಮೇಜು, ಒಂದೊಂದು ಮೇಜಿಗೆ ಏಳು ಜನ. ಮೇಲೆ ನಿಂತು ಕೂಗಾಡೋಕೆ ಕೈದಿಗಳಲ್ಲೇ ಒಬ್ಬ, ಕೀನೋ ಲಾಯ್ (ಆಂಡಿ ಸರ್ಕಿಸ್ ಮಾಡಿದ ಪಾತ್ರ). ಎಲ್ಲರೂ ಬರಿಗಾಲು. ನೆಲ ಲೋಹದ್ದು, ಬೇಕಾದಾಗ ಕರೆಂಟ್ ಹರಿಸ್ತಾರೆ, ಕಾವಲಿನವರಿಗೆ ಮಾತ್ರ ಬೂಟು. ಹೆಚ್ಚು ಭಾಗ ಜೋಡಿಸಿದ ಮೇಜಿನವರ ಊಟಕ್ಕೆ ರುಚಿ ಸಿಗುತ್ತೆ, ಕೊನೆಗೆ ಬಂದವರಿಗೆ ಶಾಕ್. (ಇಂಟರ್ನಲ್ಸ್ ನೆನಪಾಯ್ತು ಅಂದವರು ಒಬ್ಬರಲ್ಲ.) ಅಲ್ಲಿ ಹೊಡೆಯೋಕೆ ದೊಡ್ಡ ಖಳನಾಯಕ ಬೇಕಿಲ್ಲ, ವ್ಯವಸ್ಥೆಯೇ ಹೊಡೆಯುತ್ತೆ, ಕೈದಿಗಳೇ ಒಬ್ಬರನ್ನೊಬ್ಬರು ಓಡಿಸ್ತಾರೆ. ಶಿಕ್ಷೆ ಮುಗಿದವನನ್ನ ಬಿಡೋದಿಲ್ಲ, ಬೇರೆ ಮಹಡಿಗೆ ತಂದು ಹಾಕ್ತಾರೆ ಅಂತ ಗೊತ್ತಾದ ಗಳಿಗೆಯಲ್ಲಿ ಕೀನೋ ಬದಲಾಗ್ತಾನೆ. ದಿನ ಎಣಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದವನಿಗೆ ಆ ಎಣಿಕೆಗೆ ಅರ್ಥವೇ ಇಲ್ಲ ಅಂತ ತಿಳೀತು. ಇಷ್ಟು ಸಾಕು, ಭಾಷಣ ಬೇಕಾಗಿಲ್ಲ.

ತಪ್ಪಿಸಿಕೊಳ್ಳೋವಾಗ ಅವರು ನೀರಿನ ಪೈಪ್ ಒಡೆದು ನೆಲಕ್ಕೆ ನೀರು ಹರಿಸ್ತಾರೆ, ಕರೆಂಟ್ ಹರಿಸಿದ ಕೂಡಲೇ ನೆಲ ಶಾರ್ಟ್ ಆಗುತ್ತೆ. ಇಲ್ಲಿ ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರು ಎದ್ದು ನಿಂತರು: “ಹಸಿ ನೆಲದಾಗ ಶಾಕ್ ಜಾಸ್ತಿ ಆಗಬೇಕು, ಕಡಿಮಿ ಹ್ಯಾಂಗ ಆಗ್ತದ?” ಪ್ರಶ್ನೆ ಸರಿಯಾದದ್ದೇ. ನಮ್ಮ ಉತ್ತರ: ಒಣ ನೆಲದಲ್ಲಿ ಕರೆಂಟಿಗೆ ಕೈದಿಯ ಕಾಲೇ ದಾರಿ. ನೀರು ನೆಲಕ್ಕೂ ಅಕ್ಕಪಕ್ಕದ ರಚನೆಗೂ ಸುಲಭದ ದಾರಿ ಮಾಡಿಕೊಟ್ಟರೆ ಒಮ್ಮೆಲೇ ಕರೆಂಟ್ ಏರಿ ರಕ್ಷಣಾ ವ್ಯವಸ್ಥೆ ಟ್ರಿಪ್ ಆಗಬಹುದು, ಆ ಹೊತ್ತಿಗೆ ನೆಲದ ಮೇಲೆ ಕಾಲಿಟ್ಟವರ ಗತಿ ಮಾತ್ರ ಕೆಟ್ಟದ್ದು. ಕೈದಿಗಳು ಮೇಜು ಹತ್ತೋದು ಅದಕ್ಕೇ. ನೂರಕ್ಕೆ ನೂರು ಸರಿ ಅಂತ ಹೇಳೋಕೆ ಸರ್ಕ್ಯೂಟ್ ನಕ್ಷೆ ಬೇಕು, ಅದನ್ನ ಎಂಪೈರಿನವರು ಕೊಡಲ್ಲ. ಆದರೂ ಇಷ್ಟು ವಾದಕ್ಕೆ ಜಾಗ ಇರೋ ದೃಶ್ಯ ಬರೆದಿದ್ದಾರಲ್ಲ, ಅದು ಸಣ್ಣ ಮಾತಲ್ಲ.

ಮುಖ್ಯ ಹೊಡೆತ ಇನ್ನೂ ಆಮೇಲೆ ಬರುತ್ತೆ. ಮೊದಲ ಸೀಸನ್ನಿನ ಕೊನೇ ಕಂತಿನಲ್ಲಿ ಹೆಸರುಗಳೆಲ್ಲ ಹೋದ ಮೇಲೆ ಒಂದು ಸಣ್ಣ ದೃಶ್ಯ ಇದೆ. ಆ ಕೈದಿಗಳು ಜೋಡಿಸಿದ ಭಾಗಗಳನ್ನೇ ಯಂತ್ರಗಳು ಡೆತ್ ಸ್ಟಾರಿಗೆ ಕೂರಿಸ್ತಾ ಇವೆ. ‘ರೋಗ್ ಒನ್’ನಲ್ಲಿ ಕ್ಯಾಸಿಯನ್ ಸಾಯೋದು ಅದೇ ಯಂತ್ರದಿಂದ. ಅವನನ್ನ ಕೊಲ್ಲೋ ಯಂತ್ರಕ್ಕೆ ಅವನೇ ಬರಿಗಾಲಲ್ಲಿ ನಿಂತು ಭಾಗ ಜೋಡಿಸಿದ್ದ. ತಾಯಿ ಕಥೆಗೆ ಗಂಟು ಹಾಕೋದು ಅಂದ್ರೆ ಇದು. ಹಳೇ ನಾಯಕನನ್ನ ಬಾಗಿಲಲ್ಲಿ ತಂದು ನಿಲ್ಲಿಸಿ ಸೀಟಿ ಹೊಡೆಸೋದಲ್ಲ.

ಎದುರು ಉದಾಹರಣೆ ಬೇಕಂದ್ರೆ ಅದೇ ಮನೆಯ ‘ದಿ ಬುಕ್ ಆಫ್ ಬೋಬಾ ಫೆಟ್’ ನೋಡಿ. ಏಳು ಕಂತು, ಹೆಸರು ಬೋಬಾನದು. ಐದನೇ ಕಂತಿನಲ್ಲಿ ಬೋಬಾ ಇಲ್ಲವೇ ಇಲ್ಲ, ಅದು ಪೂರ್ತಿ ‘ದಿ ಮ್ಯಾಂಡಲೋರಿಯನ್’ನ ನಾಯಕನದು. ಆ ಕಂತು ಚೆನ್ನಾಗಿದೆ ಅಂತ ಮೆಚ್ಚಿಕೊಂಡವರು ಬಹಳ ಜನ. ಹಾಗೆ ಮೆಚ್ಚಿಕೊಂಡದ್ದೇ ಸರಣಿಯ ಮೇಲಿನ ದೂರು ಅಂತ ನಮಗನ್ನಿಸುತ್ತೆ.

ಹಾಗಂತ ‘ಆಂಡೋರ್’ ತನ್ನ ಸಾಲವನ್ನೆಲ್ಲ ತೀರಿಸಿದೆಯಾ? ಇಲ್ಲ. ಮೊದಲ ಕಂತು ಶುರುವಾಗೋದೇ ಕ್ಯಾಸಿಯನ್ ಕಳೆದುಹೋದ ತಂಗಿಯನ್ನ ಹುಡುಕೋದರಿಂದ. ಆ ಹುಡುಕಾಟದಲ್ಲೇ ಎರಡು ಕೊಲೆ ಆಗಿ ಕಥೆ ಉರುಳುತ್ತೆ. 24 ಕಂತು ಮುಗಿದರೂ ತಂಗಿ ಸಿಗೋದಿಲ್ಲ. ಜೀವನದಲ್ಲಿ ಎಲ್ಲಾ ಸಿಗಲ್ಲ, ಅದೇ ಅದರ ಅರ್ಥ ಅಂತ ಒಂದು ಬಣ ಸಮರ್ಥಿಸ್ತು. ನಮಗೆ ಒಪ್ಪಿಗೆ ಇಲ್ಲ. ಸಿಗದೇ ಇರಲಿ, ಆದರೆ ನಡುವಿನ ಅಷ್ಟು ಕಂತುಗಳಲ್ಲಿ ಅವನು ಅವಳನ್ನ ಹುಡುಕೋದನ್ನೇ ಬಿಟ್ಟುಬಿಟ್ಟಂಗೆ ಕಾಣುತ್ತಲ್ಲ, ಅದು ಲೇಖಕರ ಮರೆವು.

ಎರಡನೇ ಸೀಸನ್ನಿನ ಜಿಗಿತ ಇನ್ನೊಂದು ದೂರು. ಮೊದಲು ಐದು ಸೀಸನ್ ಅಂತ ಯೋಜನೆ ಇತ್ತು, ಆಮೇಲೆ ಎರಡಕ್ಕೆ ಇಳಿಸಿದರು. ಹಾಗಾಗಿ ನಾಲ್ಕು ವರ್ಷದ ಕಥೆ, ವರ್ಷಕ್ಕೆ ಮೂರು ಕಂತು. ಮೂರು ಕಂತಿಗೊಮ್ಮೆ ವರ್ಷ ಹಾರುತ್ತೆ, ಮನುಷ್ಯರ ನಡುವಿನ ಸಂಬಂಧ ನಮ್ಮ ಕಣ್ಣಿಗೆ ಬೀಳದೇ ಕೂಡಿ, ನಮ್ಮ ಕಣ್ಣಿಗೆ ಬೀಳದೇ ಮುರೀತದ. ಜೊತೆಗೆ ಮೊದಲ ಮೂರು ಕಂತಿನಲ್ಲಿ ಕ್ಯಾಸಿಯನ್ ಕಾಡಿನಲ್ಲಿ ತಮ್ಮತಮ್ಮಲ್ಲೇ ಜಗಳಾಡೋ ಬಂಡುಕೋರರ ಕೈಗೆ ಸಿಕ್ಕಿ ಕೂತಿದ್ದು ಉದ್ದ ಆಯ್ತು ಅನ್ನೋದು ಎರಡೂ ಬಣದವರು ಒಪ್ಪಿದ ಒಂದೇ ಮಾತು. ಆದರೆ ಅದೇ ಜಿಗಿತದಿಂದಲೇ ಗೋರ್ಮನ್ ಕಥೆಗೆ ಬಲ ಬಂದದ್ದೂ ನಿಜ. ಆ ಗ್ರಹದಲ್ಲಿ ಡೆತ್ ಸ್ಟಾರಿಗೆ ಬೇಕಾದ ಒಂದು ಖನಿಜ ಇದೆ. ಮೊದಲು ಒಂದು ಸಭೆಯಲ್ಲಿ ಮಾತು, ಆಮೇಲೆ ಅಪಪ್ರಚಾರ, ಆಮೇಲೆ ಚೌಕದಲ್ಲಿ ಹತ್ಯಾಕಾಂಡ. ವರ್ಷ ವರ್ಷ ಬಿಟ್ಟು ನೋಡಿದಾಗ ಸಭೆಯ ಟಿಪ್ಪಣಿ ಹೆಂಗೆ ರಕ್ತ ಆಗುತ್ತೆ ಅಂತ ಕಾಣುತ್ತೆ. ಆಫೀಸ್ ಮೀಟಿಂಗ್ ಯಾಕೆ ನೋಡ್ಲಿ ಅಂದವರಿಗೆ ಇದೇ ಉತ್ತರ.

ರೋಬೋ ಕೆ-2ಎಸ್‌ಒ ಕೊನೇ ಕಂತುಗಳವರೆಗೆ ಬರಲೇ ಇಲ್ಲ ಅನ್ನೋ ದೂರು ಯಾವ ಗುಂಪಿಗೆ ಸೇರುತ್ತೆ ಅಂತ ನಮ್ಮಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ‘ರೋಗ್ ಒನ್’ ನೋಡಿದವರಿಗೆ ಅವನಿಲ್ಲದ ಕ್ಯಾಸಿಯನ್ ಅರ್ಧ.

ಇನ್ನು, ಯಾವುದನ್ನ ಮೊದಲು ನೋಡಬೇಕು? ‘ಆಂಡೋರ್’ನ ಕೊನೇ ದೃಶ್ಯಗಳು ‘ರೋಗ್ ಒನ್’ನ ಬಾಗಿಲಿಗೇ ಬಂದು ನಿಲ್ಲುತ್ತವೆ. ಕಥೆಯ ಕಾಲಕ್ರಮದಲ್ಲೇ ನೋಡಿ, ಸಾವು ಹೊಡೆತದಂತೆ ಬೀಳಲಿ ಅನ್ನೋರು ಕೆಲವರು. ನಾವು ಸಿನಿಮಾ ಮೊದಲು ಅಂತೀವಿ. ಕಾರಣ ನಮ್ಮ ಹತ್ತಿರದಲ್ಲೇ ಇದೆ. ಹಾವೇರಿ ಪಕ್ಕದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಅನ್ನೋ ಮಾಸಪತ್ರಿಕೆ 1907ರಲ್ಲಿ ಶುರುವಾಯ್ತು, ಅದರ ಸಂಪಾದಕರು ಗಳಗನಾಥರು. ವಿಜಯನಗರ ಬಿದ್ದ ಕಥೆಯನ್ನ ‘ಕನ್ನಡಿಗರ ಕರ್ಮಕಥೆ’ ಅಂತ, ವಿಜಯನಗರ ಹುಟ್ಟಿದ ಕಥೆಯನ್ನ ‘ಮಾಧವ ಕರುಣಾ ವಿಲಾಸ’ ಅಂತ ಬರೆದವರು ಅವರೇ. 1565ರಲ್ಲಿ ಏನಾಯ್ತು ಅಂತ ಓದುಗರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಓದಿದರು. ಮುಗಿತಾಯ ಗೊತ್ತಿದ್ದಾಗ ಏನಾಗುತ್ತೆ ಅನ್ನೋ ಕುತೂಹಲ ಹೋಗಿ, ಇಲ್ಲಿ ತಪ್ಪಿಸಬಹುದಿತ್ತಲ್ಲ ಅನ್ನೋ ಸಂಕಟ ಪ್ರತಿ ಪುಟದಲ್ಲೂ ಕೂರುತ್ತೆ. ಕ್ಯಾಸಿಯನ್ ಸಾಯ್ತಾನೆ ಅಂತ ಗೊತ್ತಿದ್ದು ಜೈಲಿನ ಕಂತು ನೋಡೋದು ಬೇರೆ, ಗೊತ್ತಿಲ್ಲದೇ ನೋಡೋದು ಬೇರೆ.

ಇದನ್ನ ಒಪ್ಪದ ಇಬ್ಬರು ಮೊದಲ ವರ್ಷದವರು ಸರಣಿ ಮೊದಲು, ಸಿನಿಮಾ ಆಮೇಲೆ ಅಂತ ಹಟ ಹಿಡಿದು ಕೂತಿದ್ದಾರೆ. ಈಗ ಒಂಬತ್ತನೇ ಕಂತಿನಲ್ಲಿದ್ದಾರೆ. ಅವರ ಎದುರು ಯಾರೂ ಈ ಲೇಖನ ಓದಿ ಹೇಳಬೇಡಿ.