ಅಕ್ಟೋಬರಿನಲ್ಲಿ ಬಂದ ರೋಗಿ

ನೆಬ್ರಾಸ್ಕಾದಲ್ಲಿ 100ರಿಂದ 800 ಜನರಿರುವ ಊರಿಗೆ ಕಾನೂನಿನ ಪ್ರಕಾರವೇ ‘ವಿಲೇಜ್’ ಎಂಬ ಹೆಸರು. ನಾನಿದ್ದ ವಿಲೇಜಿನಲ್ಲಿ 400 ಜನರೂ ಇರಲಿಲ್ಲ. ಆಸೆಪಟ್ಟು ಹೋದವನಲ್ಲ ನಾನು. ಜೆ-1 ವೀಸಾದ ಮೇಲೆ ಅಮೆರಿಕದಲ್ಲಿ ರೆಸಿಡೆನ್ಸಿ ತರಬೇತಿ ಪಡೆದ ವೈದ್ಯರು ಅದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಅದು ಬೇಡವೆಂದರೆ ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಬೇಕು. ದಾವಣಗೆರೆಯಲ್ಲಿ ಓದುವಾಗ ಹಳ್ಳಿ ಪೋಸ್ಟಿಂಗ್ ಎಂದರೆ ಮೂಗು ಮುರಿಯುತ್ತಿದ್ದವನಿಗೆ ಕೊನೆಗೆ ಹಳ್ಳಿಯೇ ಗತಿಯಾಯಿತು.

ಒಂದು ನೀರಿನ ಟ್ಯಾಂಕು, ಎರಡು ಚರ್ಚು, ಒಂದು ಬಾರು, ಮಧ್ಯಾಹ್ನ 12ಕ್ಕೆ ಕೂಗುವ ಸೈರನ್ನು, ಹತ್ತು ಮೈಲಿ ದೂರಕ್ಕೂ ಕಾಣುವ, ಧಾನ್ಯ ತುಂಬಿಡುವ ಎಲಿವೇಟರು. ಊರೆಂದರೆ ಇಷ್ಟೇ. ಮೈಲಿಗೊಂದು ರಸ್ತೆ, ಚೌಕಾಬಾರದ ಮನೆ ಗೀಚಿದ ಹಾಗೆ. ಒಂದು ಚೌಕಕ್ಕೆ 640 ಎಕರೆ. ಅದರ ಕಾಲುಭಾಗ, 160 ಎಕರೆ, 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಐದು ವರ್ಷ ನೆಲೆನಿಂತು ಉತ್ತವರಿಗೆ ಸಿಗುತ್ತಿತ್ತು. (ಅಲ್ಲಿ ಮೊದಲಿನಿಂದ ಇದ್ದ ಪಾನೀ ಜನರನ್ನು 1870ರ ದಶಕದಲ್ಲಿ ದಕ್ಷಿಣಕ್ಕೆ ಸಾಗಹಾಕಿದ ಕತೆಯನ್ನು ಊರಿನಲ್ಲಿ ಯಾರೂ ಎತ್ತುವುದಿಲ್ಲ.) ದಾರಿ ಕೇಳಿದರೆ ಅರಳಿಕಟ್ಟೆ ದಾಟಿ ಎಡಕ್ಕೆ ಎನ್ನುವವರಿಲ್ಲ, “ಎರಡು ಮೈಲಿ ಉತ್ತರ, ಒಂದು ಮೈಲಿ ಪೂರ್ವ” ಅಂದರೆ ಮುಗಿಯಿತು. ಮೋಡ ಕವಿದ ದಿನ ನಾನು ಅಲೆದದ್ದೇ ಅಲೆದದ್ದು.

ದಾರಿ ಹೇಗೋ ಕಲಿತೆ. ಅಲ್ಲಿನ ಮಾತು ಅರ್ಥವಾಗಲು ಮಾತ್ರ ತಡವಾಯಿತು.

ಮೊದಲ ವರ್ಷದ ಅಕ್ಟೋಬರ್. ಜೋಳದ ಕೊಯ್ಲು, ಮೆಕ್ಕೆಜೋಳ. ಅರವತ್ತು ದಾಟಿದ ರೈತರೊಬ್ಬರು ಕ್ಲಿನಿಕ್ಕಿಗೆ ಬಂದರು. ಟೋಪಿಯ ಮೇಲೆ ಹೊಟ್ಟಿನ ಧೂಳು ಇನ್ನೂ ಹಾಗೇ ಇತ್ತು. “ಅಂಥದ್ದೇನಿಲ್ಲ ಡಾಕ್, ಎದೆ ಉರಿ ಸ್ವಲ್ಪ. ನಿಮ್ಮ ಕೆಲಸ ಆಗಲಿ, ಕೂತಿರ್ತೀನಿ” ಎಂದರು. ನಾನೂ ಕೂರಿಸಿದೆ. ಒಳಗೆ ಮಗುವಿಗೆ ಲಸಿಕೆ ಹಾಕುತ್ತಿದ್ದಾಗ ಆ ಊರಲ್ಲೇ ಹುಟ್ಟಿ ಬೆಳೆದ ನರ್ಸಮ್ಮ ಬಾಗಿಲಲ್ಲಿ ನಿಂತು ಕೇಳಿದರು: “ಡಾಕ್ಟರ್, ಮಳೆಯಿಲ್ಲದ ದಿನ ಕೊಯ್ಲಿನ ಕಂಬೈನ್ ನಿಲ್ಲಿಸಿ ಬಂದಿದ್ದಾರೆ. ನಿಮಗೇನೂ ಅನ್ನಿಸಲಿಲ್ಲವಾ?”

ಇಸಿಜಿ ಪಟ್ಟಿ ಹೊರಬರುತ್ತಿದ್ದಂತೆ ನನ್ನ ಅಂಗೈ ಬೆವರಿತು. ಹೃದಯಾಘಾತವೇ. ಆಸ್ಪಿರಿನ್ ಅಗಿಯಲು ಕೊಟ್ಟು ಹೆಲಿಕಾಪ್ಟರ್ ಕರೆಸಿದೆವು. ಬದುಕಿದರು. ಆದರೆ ಅವರು ಹೊರಗೆ ಕೂತಿದ್ದ ಇಪ್ಪತ್ತು ನಿಮಿಷ ನನ್ನ ತಪ್ಪಿನದು. ನಮ್ಮಜ್ಜ ಕೈಗೆ ಕುಡುಗೋಲು ತಾಗಿ ರಕ್ತ ಸುರಿಯುವಾಗಲೂ “ಏನಿಲ್ಲ ಬಿಡು” ಎನ್ನುತ್ತಿದ್ದರು. ಅದೇ ‘ಏನಿಲ್ಲ’ ಇಂಗ್ಲಿಷಿನಲ್ಲಿ ಬಂದಾಗ ನನಗೆ ಗುರುತು ಸಿಗಲಿಲ್ಲವಲ್ಲ ಎಂಬ ನಾಚಿಕೆ ಇವತ್ತಿಗೂ ಇದೆ.

ಆ ರೈತರು ಆಸ್ಪತ್ರೆಯಲ್ಲಿದ್ದಾಗ ಒಂದು ಬೆಳಿಗ್ಗೆ ಅವರ ಹೊಲಕ್ಕೆ ಅಕ್ಕಪಕ್ಕದವರ ಆರು ಕಂಬೈನುಗಳು ಇಳಿದವು. ಸಂಜೆಯೊಳಗೆ ಜೋಳವೆಲ್ಲ ಎಲಿವೇಟರ್ ಸೇರಿತು. ಹೆಂಗಸರು ಹೊಲದ ಅಂಚಿಗೇ ಊಟ ತಂದಿದ್ದರು. ನಮ್ಮ ಕಡೆ ಮುಯ್ಯಾಳು ಅನ್ನುತ್ತೇವಲ್ಲ, ಥೇಟ್ ಅದೇ. ಆಸ್ಪತ್ರೆಯಿಂದ ವಾಪಸ್ ಬಂದ ರೈತರು ಕೃತಜ್ಞತೆಯ ಮಾತೇನೂ ಆಡಲಿಲ್ಲ. ಕಾಳಿನ ತೇವಾಂಶ ಎಷ್ಟು ಬಂತೆಂದು ಮಾತ್ರ ಕೇಳಿದರು. ಮರುವರ್ಷ ಬೇರೊಬ್ಬರ ಹೊಲದಲ್ಲಿ ಮೊದಲು ನಿಂತದ್ದು ಅವರ ಕಂಬೈನ್.

ಅಂಥ ಊರಿಗೆ ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು: ಕೊಯ್ಲಿನ ಕಾಲದಲ್ಲಿ ರೈತ ತಾನಾಗಿ ಬಂದು “ಎದೆ ಉರಿ” ಎಂದರೆ ಇಸಿಜಿ ಮೊದಲು, ಹೆಸರು ಬರೆದುಕೊಳ್ಳುವುದು ಆಮೇಲೆ.