ಡೆಮೊ ನೋಡುವುದು ಎಸಿ ಕೋಣೆಯಲ್ಲಲ್ಲ

ಆಸ್ಪತ್ರೆಯ ತಂತ್ರಾಂಶದಲ್ಲಿ ಏನೇ ಎಡವಟ್ಟಾದರೂ ಮೊದಲು ಬೈಸಿಕೊಳ್ಳುವವರು ನರ್ಸ್‌ಗಳು. 'ಇನ್ನೊಂದು ಟ್ರೈನಿಂಗ್ ಕೊಡಿ' ಎಂಬ ಆದೇಶ ಹಿಂದೆಯೇ ಬರುತ್ತದೆ. ಇಂಥ ತಂತ್ರಾಂಶಗಳ ವಿನ್ಯಾಸವೇ ನನ್ನ ಕಸುಬು. ಟ್ರೈನಿಂಗ್‌ನಿಂದ ನೀಗಿದ ತೊಂದರೆಗಳನ್ನು ನಾನು ಕಂಡದ್ದು ಕಡಿಮೆ.

ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟರ ಡೋಸೂ ಹನ್ನೆರಡರ ಡೋಸೂ ಕಂಪ್ಯೂಟರಿನ ಪ್ರಕಾರ ಒಂದೂಮುಕ್ಕಾಲಿಗೇ ಬೀಳುತ್ತಿದ್ದವು. ಶಿಫ್ಟ್ ಮುಗಿಯುವುದು ಎರಡಕ್ಕೆ. ಸೋಮಾರಿತನ ಎಂದರು ಮೇಲಿನವರು. ವಾರ್ಡಿಗೆ ಹೋಗಿ ನಿಂತೆ. ಸಿಸ್ಟರ್ ಒಬ್ಬರು ಇಂಜೆಕ್ಷನ್ ಕೊಟ್ಟು, ಏಪ್ರನ್ನಿಗೆ ಅಂಟಿಸಿಕೊಂಡಿದ್ದ ಬಿಳಿ ಪ್ಲಾಸ್ಟರ್ ತುಂಡಿನ ಮೇಲೆ ಬೆಡ್ ನಂಬರ್, ಸಮಯ ಗೀಚಿಕೊಂಡು ಮುಂದಿನ ಹಾಸಿಗೆಗೆ ನಡೆದರು. ಕೇಳಿದ್ದಕ್ಕೆ, "ಔಷಧಿ ಕೊಡೋದು ಇಲ್ಲಿ, ಕಂಪ್ಯೂಟರ್ ಇರೋದು ಆ ತುದೀಲಿ. ಹೋದಾಗೆಲ್ಲ ಪಾಸ್‌ವರ್ಡ್ ಕೇಳುತ್ತೆ ಮೇಡಂ" ಎಂದರು. ಈ ನಡುವೆ ಡ್ಯೂಟಿ ಡಾಕ್ಟರ್ ಬಂದು ನೋಡಿದರೆ ಕೊಟ್ಟ ಡೋಸು ಕೊಡದ ಹಾಗೇ ಕಾಣುತ್ತದೆ. ಇನ್ನೊಮ್ಮೆ ಕೊಡಿ ಎಂದುಬಿಟ್ಟರೆ? ನಾವು ಔಷಧಿ ಟ್ರಾಲಿಯ ಮೇಲೇ ಟ್ಯಾಬ್ ಕೂರಿಸಿ, ಐಡಿ ಕಾರ್ಡ್ ಹಿಡಿದರೆ ತೆರೆದುಕೊಳ್ಳುವಂತೆ ಮಾಡಿದೆವು. ಪ್ಲಾಸ್ಟರ್ ಮತ್ತೆ ಗಾಯಗಳಿಗೇ ಮೀಸಲಾಯಿತು.

ತಪ್ಪನ್ನು ಮನುಷ್ಯರಲ್ಲಲ್ಲ, ವಿನ್ಯಾಸದಲ್ಲಿ ಹುಡುಕುವುದನ್ನು ನಮಗೆ ಕಲಿಸಿದ್ದು ವಿಮಾನಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿ-17 ಬಾಂಬರ್ ನೆಲ ಮುಟ್ಟಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಎರಡೂ ಸ್ವಿಚ್‌ಗಳು ಅಕ್ಕಪಕ್ಕ, ಕೈಗೆ ಒಂದೇ ಥರ. ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಪೈಲಟ್‌ಗಳಿಗೆ ಪಾಠ ಹೇಳುವ ಬದಲು ಚಕ್ರದ ಹಿಡಿಕೆಗೆ ಚಕ್ರದ್ದೇ ಆಕಾರ ಕೊಡಿಸಿದರು.

ಆಸ್ಪತ್ರೆಗಳಿಗೆ ಈ ಬುದ್ಧಿ ನಿಧಾನವಾಗಿ ಬಂತು, ಇನ್ನೂ ಪೂರ್ತಿ ಬಂದಿಲ್ಲ. ಅಮೆರಿಕದ ರಾಸ್ ಕೊಪೆಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿ ಬರೆಯುವ ಕಂಪ್ಯೂಟರ್ ವ್ಯವಸ್ಥೆಯೇ 22 ಬಗೆಯ ತಪ್ಪುಗಳಿಗೆ ದಾರಿ ಮಾಡಿಕೊಡುತ್ತಿತ್ತು. ಒಬ್ಬ ರೋಗಿಯ ಔಷಧಿಗಳನ್ನೆಲ್ಲ ನೋಡಲು ಕೆಲವೊಮ್ಮೆ 20 ಪರದೆ ದಾಟಬೇಕಿತ್ತಂತೆ!

ಪರದೆಯ ಮೇಲೆ ಬರುವ ಎಚ್ಚರಿಕೆಗಳ ಕಥೆಯೂ ಅಷ್ಟೇ. ಪ್ಯಾರಾಸಿಟಮಾಲ್‌ಗೂ ಕೆಂಪು ಪೆಟ್ಟಿಗೆ ಹಾರಿಬಂದರೆ, ಪೆನ್ಸಿಲಿನ್ ಅಲರ್ಜಿಯ ಪೆಟ್ಟಿಗೆಯನ್ನೂ ವೈದ್ಯರು ಓದದೆ ಮುಚ್ಚುತ್ತಾರೆ. ಅದಕ್ಕೇ ಕೆಲಸ ತಡೆದು ನಿಲ್ಲಿಸುವ ಹಕ್ಕನ್ನು ನಾನು ಜೀವಕ್ಕೆ ಕುತ್ತಾಗುವ ಎಚ್ಚರಿಕೆಗಳಿಗೆ ಮಾತ್ರ ಕೊಡುತ್ತೇನೆ. ಇನ್ನು, 5 ಮಿಲಿಗ್ರಾಂ ಅನ್ನು 5.0 ಎಂದು ತೋರಿಸುವ ಪರದೆ ನನ್ನ ಕೈಯಿಂದ ಪಾಸಾಗುವುದಿಲ್ಲ. ಚುಕ್ಕೆ ಕಾಣದಿದ್ದರೆ ಅದು 50.

ತಂತ್ರಾಂಶ ಕೊಳ್ಳುವ ಆಸ್ಪತ್ರೆಗಳವರಲ್ಲಿ ಒಂದು ಕೋರಿಕೆ. ಡೆಮೊವನ್ನು ಎಸಿ ಕೋಣೆಯಲ್ಲಿ ಮುಗಿಸಬೇಡಿ. ಒಂದೇ ಹೆಸರಿನ ಇಬ್ಬರು ಕಾಲ್ಪನಿಕ ರೋಗಿಗಳನ್ನು ಪಟ್ಟಿಗೆ ಸೇರಿಸಿ, ರಾತ್ರಿ ಪಾಳಿಯ ಸಿಸ್ಟರ್ ಕೈಗೆ ಕೊಡಿ, ನಡುವೆ ಫೋನ್ ಬಡಿದುಕೊಳ್ಳಲಿ. ಸಹಿ ಹಾಕುವುದು ಅದಾದ ಮೇಲೆ.